ಸಿಬಿಸಿ ವರದಿಯನ್ನು ಓದುವುದು ಹೇಗೆ? ರಕ್ತದ ಘಟಕಗಳು ಮತ್ತು ಅವುಗಳ ಕೆಲಸ: ಹಂತಹಂತದ ಸಮಗ್ರ ಮಾರ್ಗದರ್ಶಿ

ರಕ್ತಪರೀಕ್ಷೆಯ ವರದಿ ಕೈಗೆ ಬಂದ ಕೂಡಲೇ ಕಣ್ಣು ನೆಡುವುದು ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳ ಮೇಲೆ. ಪಕ್ಕದಲ್ಲೊಂದು ಬಾಣದ ಗುರುತಿದ್ದರಂತೂ ಎದೆ ಧಸಕ್ಕೆನ್ನುತ್ತದೆ. ಮರುಗಳಿಗೆಯಲ್ಲಿ ಮೊಬೈಲ್‌ನಲ್ಲಿ ಹುಡುಕಾಟ ಶುರುವಾಗಿ, ಇಲ್ಲದ ಕಾಯಿಲೆಯೊಂದು ಮನಸ್ಸಿನಲ್ಲಿ ಮನೆ ಮಾಡಿಬಿಡುತ್ತದೆ. ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆಯ ವರದಿಯಲ್ಲಿ, ಯಾವ ಅಂಕಿಯನ್ನೂ ಒಂಟಿಯಾಗಿ ಓದಬಾರದು. ಅಲ್ಲಿರುವ ಬಹುತೇಕ ಅಂಕಿಗಳು ಇಷ್ಟು ದ್ರವದಲ್ಲಿ ಇಷ್ಟು ಕಣ ಎಂಬ ಪ್ರಮಾಣದ ಲೆಕ್ಕ. ಕಣ ಕಡಿಮೆಯಾದರೂ ಅಂಕಿ ಇಳಿಯುತ್ತದೆ, ದ್ರವ ಹೆಚ್ಚಾದರೂ ಇಳಿಯುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು, ವರದಿಯ ಒಂದೊಂದೇ ಸಾಲು ಹಿಡಿದು ರಕ್ತದಲ್ಲಿ ಏನಿದೆ, ಯಾವುದು ಯಾವ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ.

ವರದಿಗೆ ಮುನ್ನ: ಕೊಳವೆಯೊಳಗಿನ ಮೂರು ಪದರ

ಹೆಪ್ಪುಗಟ್ಟದಂತೆ ರಾಸಾಯನಿಕ ಬೆರೆಸಿದ ರಕ್ತವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಕೆಲವು ನಿಮಿಷ ತಿರುಗಿಸಿದರೆ ಅದು ಪದರಪದರವಾಗಿ ಬೇರ್ಪಡುತ್ತದೆ. ಮೇಲೆ ತಿಳಿಹಳದಿ ಬಣ್ಣದ ದ್ರವ. ಇದು ಪ್ಲಾಸ್ಮಾ, ರಕ್ತದ ಸುಮಾರು ಶೇ. 55 ಭಾಗ. ತಳದಲ್ಲಿ ಕಡುಗೆಂಪಾಗಿ ಒತ್ತೊತ್ತಾಗಿ ಕುಳಿತಿರುವುದು ಕೆಂಪು ರಕ್ತಕಣಗಳು, ಸುಮಾರು ಶೇ. 45. ಇವೆರಡರ ನಡುವೆ ಕಣ್ಣಿಟ್ಟು ನೋಡಿದರಷ್ಟೇ ಕಾಣುವ ಒಂದು ಬಿಳಿಚಿದ ಗೆರೆ ಇರುತ್ತದೆ. ಶೇ. 1ಕ್ಕಿಂತ ಕಡಿಮೆ ಜಾಗ ಹಿಡಿಯುವ ಆ ಗೆರೆಯಲ್ಲಿಯೇ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಅಡಗಿವೆ. ಸೋಂಕಿನ ವಿರುದ್ಧ ಹೋರಾಟ, ರಕ್ತಸ್ರಾವಕ್ಕೆ ಮೊದಲ ತಡೆ, ಎರಡೂ ಆ ತೆಳು ಗೆರೆಯ ಹೊಣೆ.

ವಯಸ್ಕರ ದೇಹದಲ್ಲಿ ತೂಕದ ಪ್ರತಿ ಕಿಲೋಗೆ ಸುಮಾರು 70 ಮಿಲಿಲೀಟರ್ ರಕ್ತ ಇರುತ್ತದೆ. 70 ಕಿಲೋ ತೂಕದವರಲ್ಲಿ ಸುಮಾರು 5 ಲೀಟರ್ ಎಂದಾಯಿತು. ಇಷ್ಟರಲ್ಲಿ ಪರೀಕ್ಷೆಗೆ ತೆಗೆಯುವುದು 2-3 ಮಿಲಿಲೀಟರ್ ಮಾತ್ರ. ರಕ್ತ ಕೊಟ್ಟದ್ದಕ್ಕೇ ಸುಸ್ತಾಯಿತು ಎನ್ನುವವರಿಗೆ ಸುಸ್ತಿನ ಕಾರಣ ಬೇರೆ ಕಡೆ ಇದೆ.

ಹಂತ 1: ಮಾದರಿ ಸರಿಯಾಗಿತ್ತೇ ಎಂದು ಕೇಳಿಕೊಳ್ಳಿ

ಸಿಬಿಸಿಗೆ ಬಳಸುವುದು ನೇರಳೆ ಮುಚ್ಚಳದ ಕೊಳವೆ. ಅದರ ಒಳಗೋಡೆಗೆ ಇಡಿಟಿಎ ಎಂಬ ರಾಸಾಯನಿಕವನ್ನು ಲೇಪಿಸಿರುತ್ತಾರೆ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು. ಇಡಿಟಿಎ ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ರಕ್ತ ತುಂಬಿದ ತಕ್ಷಣ ಕೊಳವೆಯನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಬೇಕು. ಬೆರೆಸುವುದು ತಡವಾದರೆ ಒಳಗೆ ಸಣ್ಣ ಹೆಪ್ಪು ಮೂಡಿ ಪ್ಲೇಟ್‌ಲೆಟ್ ಎಣಿಕೆ ಸುಳ್ಳಾಗಿ ಕುಸಿಯುತ್ತದೆ. ಜೋರಾಗಿ ಕುಲುಕಿದರೆ ಕೆಂಪುಕಣಗಳೇ ಒಡೆಯುತ್ತವೆ. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ ರಕ್ತನಾಳದ ನೀರು ಹೊರಕ್ಕೆ ಜಿನುಗಿ ಉಳಿದ ರಕ್ತ ಸಾಂದ್ರವಾಗುತ್ತದೆ. ಒಂದು ನಿಮಿಷದೊಳಗೆ ಪಟ್ಟಿ ಸಡಿಲಿಸಬೇಕೆಂಬ ನಿಯಮ ಇರುವುದು ಇದಕ್ಕೇ.

ಸಿಬಿಸಿಗೆ ಖಾಲಿ ಹೊಟ್ಟೆ ಬೇಡ. ಜೊತೆಗೆ ಸಕ್ಕರೆಯ ಅಥವಾ ಕೊಬ್ಬಿನ ಪರೀಕ್ಷೆ ಇದ್ದರೆ ಅದರ ನಿಯಮ ಬೇರೆ. ಆದರೆ ನೀರು ಕುಡಿಯದೆ ಹೋಗುವುದು ತಪ್ಪು. ಬಾಯಾರಿ ಬಳಲಿದ ದೇಹದಲ್ಲಿ ಪ್ಲಾಸ್ಮಾ ಕುಗ್ಗಿರುತ್ತದೆ, ಹಿಮೋಗ್ಲೋಬಿನ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ವಾಂತಿ ಭೇದಿ ಆದವರ ವರದಿಯಲ್ಲಿ ರಕ್ತಹೀನತೆ ಮರೆಯಾಗುವುದು ಹೀಗೆಯೇ.

ಹಂತ 2: ಪಕ್ಕದ ಕಾಲಂ ಏನು ಹೇಳುತ್ತದೆ ಎಂದು ತಿಳಿಯಿರಿ

ಪ್ರತಿ ಅಂಕಿಯ ಎದುರು ಸಾಮಾನ್ಯ ಮಿತಿ ಬರೆದಿರುತ್ತದೆ. ಆರೋಗ್ಯವಂತರ ಗುಂಪೊಂದನ್ನು ಪರೀಕ್ಷಿಸಿ, ಅವರಲ್ಲಿ ಶೇ. 95 ಮಂದಿಯ ಅಂಕಿ ಯಾವ ವ್ಯಾಪ್ತಿಯಲ್ಲಿ ಬೀಳುತ್ತದೋ ಅದನ್ನು ಮಿತಿಯೆಂದು ಇಟ್ಟುಕೊಳ್ಳುವುದು ರೂಢಿ. ಹಾಗಾದರೆ ಉಳಿದ ಶೇ. 5 ಮಂದಿ ಆರೋಗ್ಯವಾಗಿದ್ದರೂ ಮಿತಿಯ ಆಚೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದ ಆರೋಗ್ಯವಂತನೊಬ್ಬನ ವರದಿಯಲ್ಲಿ ಕನಿಷ್ಠ ಒಂದಾದರೂ ಬಾಣ ಮೂಡುವ ಸಾಧ್ಯತೆ ಸುಮಾರು ಶೇ. 64. ಮಿತಿಯಿಂದ ಕೂದಲೆಳೆಯಷ್ಟು ಆಚೆ ಇರುವ ಅಂಕಿಗೆ ನಿದ್ದೆಗೆಡಬೇಕಾಗಿಲ್ಲ.

ಮಿತಿಗಳು ವಯಸ್ಸು, ಲಿಂಗ, ಗರ್ಭಧಾರಣೆ, ವಾಸಿಸುವ ಜಾಗದ ಎತ್ತರಕ್ಕೆ ತಕ್ಕಂತೆ ಬದಲಾಗುತ್ತವೆ. ಮಗುವಿನ ವರದಿಯನ್ನು ದೊಡ್ಡವರ ಮಿತಿಗೆ ಹೋಲಿಸಿ ಗಾಬರಿಯಾಗುವುದು ದಿನನಿತ್ಯ ನಡೆಯುವ ತಪ್ಪು. ನಾಲ್ಕೈದು ವರ್ಷದವರೆಗಿನ ಮಕ್ಕಳಲ್ಲಿ ಲಿಂಫೋಸೈಟ್‌ಗಳು ನ್ಯೂಟ್ರೋಫಿಲ್‌ಗಳಿಗಿಂತ ಹೆಚ್ಚಿರುವುದು ಸಹಜವೇ.

ಹಂತ 3: ಹಿಮೋಗ್ಲೋಬಿನ್, ಪಿಸಿವಿ, ಕೆಂಪುಕಣಗಳ ಎಣಿಕೆ, ಮೂರನ್ನೂ ಒಟ್ಟಿಗೆ ಓದಿ

ಕೆಂಪು ರಕ್ತಕಣ ಒಂದು ವಿಚಿತ್ರ ಜೀವಕೋಶ. ಅಸ್ಥಿಮಜ್ಜೆಯಲ್ಲಿ ಹುಟ್ಟಿ ಬಲಿಯುವಾಗ ಅದು ತನ್ನ ಕೋಶಕೇಂದ್ರವನ್ನೇ ಹೊರಗೆ ತಳ್ಳಿಬಿಡುತ್ತದೆ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾವನ್ನೂ ಉಳಿಸಿಕೊಳ್ಳುವುದಿಲ್ಲ. ಹೊತ್ತ ಆಮ್ಲಜನಕದಲ್ಲಿ ತನಗೆಂದು ಒಂದಿಷ್ಟೂ ಬಳಸಿಕೊಳ್ಳದೆ, ಬರೀ ಗ್ಲೂಕೋಸ್‌ನಿಂದ ಜೀವ ಹಿಡಿದು, ಸುಮಾರು 120 ದಿನ ದುಡಿಯುತ್ತದೆ. ಸುಮಾರು 7.5 ಮೈಕ್ರಾನ್ ಅಗಲದ, ಎರಡೂ ಬದಿ ನಡುವೆ ತಗ್ಗಿದ ಬಿಲ್ಲೆ ಅದು. ತನಗಿಂತ ಕಿರಿದಾದ ಲೋಮನಾಳದಲ್ಲಿ ಮಡಚಿಕೊಂಡು ನುಸುಳುತ್ತದೆ. ಮುದಿಯಾಗಿ ಬಿರುಸಾದ ಕಣ ಗುಲ್ಮದ (ಸ್ಪ್ಲೀನ್) ಇಕ್ಕಟ್ಟಿನಲ್ಲಿ ನುಸುಳಲಾರದೆ ಸಿಕ್ಕಿಬೀಳುತ್ತದೆ, ಅಲ್ಲಿನ ಭಕ್ಷಕ ಕೋಶಗಳು ಅದನ್ನು ನುಂಗುತ್ತವೆ. ಕಬ್ಬಿಣ ಮಾತ್ರ ವ್ಯರ್ಥವಾಗುವುದಿಲ್ಲ. ಹೊಸ ಕಣಗಳ ತಯಾರಿಗೆ ದಿನಕ್ಕೆ 20-25 ಮಿಲಿಗ್ರಾಂ ಕಬ್ಬಿಣ ಬೇಕು. ಆಹಾರದಿಂದ ದೇಹ ಹೀರಿಕೊಳ್ಳುವುದು 1-2 ಮಿಲಿಗ್ರಾಂ. ಉಳಿದದ್ದೆಲ್ಲ ಹಳೆಯ ಕಣಗಳಿಂದ ಮರಳಿ ಬಂದ ಕಬ್ಬಿಣವೇ. ತಿಂಗಳುಗಟ್ಟಲೆ ರಕ್ತ ಸೋರುತ್ತಿದ್ದರೆ ಈ ಮರುಬಳಕೆಯ ಚಕ್ರ ಒಡೆಯುತ್ತದೆ. ಎಷ್ಟು ಚೆನ್ನಾಗಿ ಉಂಡರೂ ಕಬ್ಬಿಣ ಸಾಲದೆ ಹೋಗುವುದು ಆಗ.

ಆಮ್ಲಜನಕವನ್ನು ಹೊರುವುದು ಕಣದೊಳಗಿನ ಹಿಮೋಗ್ಲೋಬಿನ್ ಎಂಬ ಪ್ರೋಟೀನು. ಅದರ ನಾಲ್ಕು ಎಳೆಗಳಲ್ಲಿ ಒಂದೊಂದು ಕಬ್ಬಿಣದ ಪರಮಾಣು ಕುಳಿತಿದೆ, ಒಂದೊಂದೂ ಒಂದೊಂದು ಆಮ್ಲಜನಕದ ಅಣುವನ್ನು ಹಿಡಿಯುತ್ತದೆ. 1 ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರಬಲ್ಲದು. 100 ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ ಇದ್ದರೆ ಸುಮಾರು 20 ಮಿಲಿಲೀಟರ್ ಆಮ್ಲಜನಕ. ಅಷ್ಟೇ ರಕ್ತದ ನೀರಿನಲ್ಲಿ ತಾನಾಗಿ ಕರಗುವ ಆಮ್ಲಜನಕ ಬರೀ 0.3 ಮಿಲಿಲೀಟರ್. ಹಿಮೋಗ್ಲೋಬಿನ್ ಇಲ್ಲದಿದ್ದರೆ ಹೃದಯ ಎಷ್ಟೇ ಬಡಿದರೂ ಏನೂ ಪ್ರಯೋಜನವಿಲ್ಲ.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 98 ತೋರಿಸಿತೆಂದು ನೆಮ್ಮದಿ ಪಡುವವರಿಗೆ ಇಲ್ಲೊಂದು ಮಾತು. ಆ ಉಪಕರಣ ಹೇಳುವುದು ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹಿಡಿದಿದೆ ಎಂಬುದನ್ನು. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು ಅದಕ್ಕೆ ತಿಳಿಯದು. ಹಿಮೋಗ್ಲೋಬಿನ್ 7ಕ್ಕೆ (100 ಮಿಲಿಲೀಟರ್ ರಕ್ತದಲ್ಲಿ 7 ಗ್ರಾಂ) ಇಳಿದವರಲ್ಲೂ 98 ಕಾಣಬಹುದು. ಆದರೆ ಅವರ 100 ಮಿಲಿಲೀಟರ್ ರಕ್ತ ಹೊರುತ್ತಿರುವುದು ಸುಮಾರು 9 ಮಿಲಿಲೀಟರ್ ಆಮ್ಲಜನಕ, ಅರ್ಧಕ್ಕಿಂತ ಕಡಿಮೆ.

ಈಗ ಅಂಕಿಗಳಿಗೆ ಬನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹಿಮೋಗ್ಲೋಬಿನ್ ವಯಸ್ಕ ಗಂಡಸರಲ್ಲಿ 13ಕ್ಕಿಂತ, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಗರ್ಭಿಣಿಯರಿಗೆ ಈ ಗೆರೆ 11, ನಡುವಿನ ಮೂರು ತಿಂಗಳಲ್ಲಿ 10.5. ಗರ್ಭಿಣಿಯರಿಗೆ ರಿಯಾಯಿತಿ ಏಕೆಂದರೆ ಅವರ ಪ್ಲಾಸ್ಮಾ ಸುಮಾರು ಅರ್ಧದಷ್ಟು ಹಿಗ್ಗುತ್ತದೆ, ಕೆಂಪುಕಣಗಳು ಅಷ್ಟು ಹೆಚ್ಚುವುದಿಲ್ಲ. ಕಣಗಳ ಒಟ್ಟು ಸಂಖ್ಯೆ ಏರಿದ್ದರೂ ಅಂಕಿ ಇಳಿಯುತ್ತದೆ. ಇದಕ್ಕೆ ತದ್ವಿರುದ್ಧವಾದ ಮೋಸವೂ ಉಂಟು. ಅಪಘಾತದಲ್ಲಿ ಒಂದೂವರೆ ಲೀಟರ್ ರಕ್ತ ಹೋದವನ ಹಿಮೋಗ್ಲೋಬಿನ್ ಮೊದಲ ಗಂಟೆಯಲ್ಲಿ ಸರಿಯಾಗಿಯೇ ಇರಬಹುದು. ಕಣವೂ ದ್ರವವೂ ಒಟ್ಟಿಗೆ ಹೋಗಿರುವಾಗ ಪ್ರಮಾಣ ಬದಲಾಗುವುದಾದರೂ ಹೇಗೆ? ಅಂಗಾಂಶಗಳ ನೀರು ರಕ್ತನಾಳಕ್ಕೆ ಸೇರಿಕೊಂಡ ಮೇಲಷ್ಟೇ, ಕೆಲವು ಗಂಟೆಗಳ ನಂತರ, ಅಂಕಿ ಇಳಿಯುತ್ತದೆ.

ಪಿಸಿವಿ ಎಂದರೆ ಕೊಳವೆಯ ತಳದ ಕೆಂಪು ಪದರದ ಶೇಕಡಾವಾರು ಪ್ರಮಾಣ. ಗಂಡಸರಲ್ಲಿ ಸುಮಾರು 40-50, ಹೆಂಗಸರಲ್ಲಿ 36-46. ಇಲ್ಲೊಂದು ಸುಲಭದ ತಾಳೆ ಇದೆ: ಹಿಮೋಗ್ಲೋಬಿನ್ ಅನ್ನು 3ರಿಂದ ಗುಣಿಸಿದರೆ ಹೆಚ್ಚುಕಡಿಮೆ ಪಿಸಿವಿ ಬರಬೇಕು. ಹಿಮೋಗ್ಲೋಬಿನ್ 13 ಇದ್ದರೆ ಪಿಸಿವಿ 39ರ ಆಸುಪಾಸು. ಕಣಗಳ ಗಾತ್ರವೂ ಅವುಗಳಲ್ಲಿ ತುಂಬಿದ ಹಿಮೋಗ್ಲೋಬಿನ್ನೂ ಸಹಜವಾಗಿದ್ದಾಗ ಈ ಲೆಕ್ಕ ಚೆನ್ನಾಗಿ ಕೂಡುತ್ತದೆ. ತಾಳೆಯಾಗದಿದ್ದರೆ ಒಂದೋ ಕಣಗಳಲ್ಲಿ ನಿಜವಾದ ಏರುಪೇರಿದೆ, ಇಲ್ಲವೇ ಯಂತ್ರಕ್ಕೆ ಏನೋ ಅಡ್ಡಿಯಾಗಿದೆ. ರಕ್ತದಲ್ಲಿ ಕೊಬ್ಬು ಬಹಳ ಹೆಚ್ಚಿ ಪ್ಲಾಸ್ಮಾ ಹಾಲಿನಂತೆ ಬೆಳ್ಳಗಾಗಿದ್ದರೆ ಹಿಮೋಗ್ಲೋಬಿನ್ ಸುಳ್ಳು ಏರಿಕೆ ತೋರುತ್ತದೆ. ಚಳಿಗೆ ಕೆಂಪುಕಣಗಳು ಒಂದಕ್ಕೊಂದು ಅಂಟಿಕೊಳ್ಳುವವರಲ್ಲಿ ಕಣಗಳ ಎಣಿಕೆ ಸುಳ್ಳಾಗಿ ಕುಸಿಯುತ್ತದೆ.

ಹಂತ 4: ಕಣದ ಗಾತ್ರ ನೋಡಿ, ಕಾರಣ ಅಲ್ಲಿದೆ

ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಅತ್ಯಂತ ಉಪಯುಕ್ತವಾದ ಸಾಲು ಎಂಸಿವಿ, ಅಂದರೆ ಕೆಂಪುಕಣದ ಸರಾಸರಿ ಗಾತ್ರ. ಜನ ಅದನ್ನು ಓದದೆ ದಾಟಿಹೋಗುತ್ತಾರೆ. ಹಿಮೋಗ್ಲೋಬಿನ್ ರಕ್ತಹೀನತೆ ಇದೆಯೆಂದಷ್ಟೇ ಹೇಳುತ್ತದೆ, ಏಕೆ ಬಂತೆಂದು ಸುಳಿವು ಕೊಡುವುದು ಎಂಸಿವಿ.

ಇದನ್ನು ಅಳೆಯುವ ಬಗೆಯೂ ಸ್ವಾರಸ್ಯಕರ. ಅಮೆರಿಕದ ವ್ಯಾಲೇಸ್ ಕೋಲ್ಟರ್ ಎಂಬ ಎಂಜಿನಿಯರ್ 1953ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಇಂದಿಗೂ ಹೆಚ್ಚಿನ ಯಂತ್ರಗಳ ಜೀವಾಳ. ಉಪ್ಪುದ್ರಾವಣದಲ್ಲಿ ತೆಳುವಾಗಿಸಿದ ರಕ್ತ ಒಂದು ಸೂಕ್ಷ್ಮ ರಂಧ್ರದ ಮೂಲಕ ಹರಿಯುತ್ತದೆ, ರಂಧ್ರದಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಕಣವೊಂದು ಹಾದುಹೋದಾಗ ವಿದ್ಯುತ್ತಿಗೆ ಕ್ಷಣಕಾಲ ತಡೆಯಾಗುತ್ತದೆ. ತಡೆಗಳನ್ನು ಎಣಿಸಿದರೆ ಕಣಗಳ ಸಂಖ್ಯೆ, ಪ್ರತಿ ತಡೆಯ ಎತ್ತರವನ್ನು ಅಳೆದರೆ ಕಣದ ಗಾತ್ರ.

ಎಂಸಿವಿ ಕೆಂಪುಕಣದ ಸರಾಸರಿ ಗಾತ್ರ, 80ರಿಂದ 100 ಫೆಮ್ಟೋಲೀಟರ್. ಎಂಸಿಎಚ್ ಒಂದು ಕಣದಲ್ಲಿರುವ ಹಿಮೋಗ್ಲೋಬಿನ್‌ನ ಸರಾಸರಿ ತೂಕ, 27ರಿಂದ 32 ಪಿಕೋಗ್ರಾಂ. ಆರ್‌ಡಿಡಬ್ಲ್ಯೂ ಕಣಗಳ ಗಾತ್ರದಲ್ಲಿ ಎಷ್ಟು ಏರಿಳಿತವಿದೆ ಎಂಬ ಅಳತೆ, ಸಾಮಾನ್ಯವಾಗಿ ಶೇ. 11.5-14.5. ಎಲ್ಲ ಕಣಗಳೂ ಒಂದೇ ಅಚ್ಚಿನಲ್ಲಿದ್ದರೆ ಇದು ಕಡಿಮೆ, ದೊಡ್ಡವೂ ಚಿಕ್ಕವೂ ಬೆರೆತಿದ್ದರೆ ಹೆಚ್ಚು.

ಕಾಗದ ಪೆನ್ನು ಹಿಡಿದು ಎರಡು ಕಾಲ್ಪನಿಕ ವರದಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು: ಹಿಮೋಗ್ಲೋಬಿನ್ 9.6, ಕೆಂಪುಕಣ ಮೈಕ್ರೋಲೀಟರ್‌ಗೆ 42 ಲಕ್ಷ, ಪಿಸಿವಿ 30.2, ಆರ್‌ಡಿಡಬ್ಲ್ಯೂ 17.8.

ಎರಡನೆಯದು: ಹಿಮೋಗ್ಲೋಬಿನ್ 11.2, ಕೆಂಪುಕಣ 58 ಲಕ್ಷ, ಪಿಸಿವಿ 37.1, ಆರ್‌ಡಿಡಬ್ಲ್ಯೂ 14.

ಪಿಸಿವಿಯನ್ನು 10ರಿಂದ ಗುಣಿಸಿ, ಹತ್ತು ಲಕ್ಷಗಳ ಲೆಕ್ಕದಲ್ಲಿ ಬರೆದ ಕಣಸಂಖ್ಯೆಯಿಂದ ಭಾಗಿಸಿದರೆ ಎಂಸಿವಿ ಸಿಗುತ್ತದೆ. ಮೊದಲನೆಯವರದು 302ನ್ನು 4.2ರಿಂದ ಭಾಗಿಸಿ ಸುಮಾರು 72. ಎರಡನೆಯವರದು 371ನ್ನು 5.8ರಿಂದ ಭಾಗಿಸಿ 64. ಇಬ್ಬರ ಕಣಗಳೂ ಚಿಕ್ಕವೇ. ಇಬ್ಬರಿಗೂ ಕಬ್ಬಿಣದ ಮಾತ್ರೆ ಬರೆದುಕೊಟ್ಟು ಕಳಿಸುವುದು ಸುಲಭ. ಆದರೆ ಎರಡನೆಯ ವರದಿಯನ್ನು ಇನ್ನೊಮ್ಮೆ ನೋಡಿ. ಕಣ ಚಿಕ್ಕದಾಗಿದೆ, ಸಂಖ್ಯೆ ಮಾತ್ರ ಸಾಮಾನ್ಯಕ್ಕಿಂತ ಹೆಚ್ಚಿದೆ! ಕಬ್ಬಿಣ ಸಾಲದ ಅಸ್ಥಿಮಜ್ಜೆಗೆ ಅಷ್ಟೊಂದು ಕಣ ಹುಟ್ಟಿಸುವ ತಾಕತ್ತು ಇರುವುದಿಲ್ಲ. ಎಂಸಿವಿಯನ್ನು ಕಣಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕಿಗೆ ಮೆಂಟ್ಜರ್ ಸೂಚ್ಯಂಕ ಎಂದು ಹೆಸರು. ಅದು 13ಕ್ಕಿಂತ ಹೆಚ್ಚಿದ್ದರೆ ಒಲವು ಕಬ್ಬಿಣದ ಕೊರತೆಯ ಕಡೆಗೆ, ಕಡಿಮೆಯಿದ್ದರೆ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ತಯಾರಿಕೆಯ ಆನುವಂಶಿಕ ದೋಷ) ವಾಹಕತ್ವದ ಕಡೆಗೆ. ಇಲ್ಲಿ ಮೊದಲನೆಯವರದು 17, ಎರಡನೆಯವರದು 11.

ಇದು ಸುಳಿವಷ್ಟೇ, ತೀರ್ಪಲ್ಲ. ಕಬ್ಬಿಣದ ಕೊರತೆಯನ್ನು ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆಯಿಂದ, ಥಲಸ್ಸೀಮಿಯಾ ವಾಹಕತ್ವವನ್ನು ಹಿಮೋಗ್ಲೋಬಿನ್‌ನ ವಿಧಗಳನ್ನು ಬೇರ್ಪಡಿಸುವ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ವಾಹಕರು ಆರೋಗ್ಯವಾಗಿಯೇ ಇರುತ್ತಾರೆ. ಕೊರತೆಯಿಲ್ಲದೆ ಅವರಿಗೆ ವರ್ಷಗಟ್ಟಲೆ ಕಬ್ಬಿಣ ನುಂಗಿಸುವುದರಲ್ಲಿ ಅರ್ಥವಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಬೀಟಾ ಥಲಸ್ಸೀಮಿಯಾ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಥಲಸ್ಸೀಮಿಯಾ ಬರುವ ಸಾಧ್ಯತೆ ಶೇ. 25. ಮದುವೆಯಾದವರು, ಆಗಲಿರುವವರು ಈ ಸುಳಿವನ್ನು ಅಲಕ್ಷಿಸಬಾರದು.

ಮೊದಲನೆಯ ವರದಿಯೂ ಅಷ್ಟಕ್ಕೇ ಮುಗಿಯುವುದಿಲ್ಲ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಣ್ಣುಮಕ್ಕಳಲ್ಲಿ ಕಾರಣ ಎದುರಿಗೇ ಇರಬಹುದು. ಗಂಡಸಿನಲ್ಲಿ ಅಥವಾ ಮುಟ್ಟು ನಿಂತ ಹೆಂಗಸಿನಲ್ಲಿ ಕಬ್ಬಿಣದ ಕೊರತೆ ಕಂಡರೆ ಜಠರ, ಕರುಳಿನಲ್ಲಿ ಎಲ್ಲಾದರೂ ಗುಟ್ಟಾಗಿ ರಕ್ತ ಸೋರುತ್ತಿದೆಯೇ ಎಂದು ಹುಡುಕಲೇಬೇಕು. ಮಾತ್ರೆಯಿಂದ ಅಂಕಿ ಏರಿತೆಂದು ಸುಮ್ಮನಾದರೆ ಹುಣ್ಣೋ ಗಡ್ಡೆಯೋ ಒಳಗೇ ಬೆಳೆಯುತ್ತಿರಬಹುದು. ಹಾಗೆಯೇ, ಹಿಮೋಗ್ಲೋಬಿನ್ ಸರಿಯಾದ ದಿನವೇ ಮಾತ್ರೆ ನಿಲ್ಲಿಸುವುದೂ ತಪ್ಪು. ಖಾಲಿಯಾದ ದಾಸ್ತಾನು ತುಂಬಲು ಆಮೇಲೂ ಸುಮಾರು ಮೂರು ತಿಂಗಳು ಬೇಕು.

ಎಂಸಿವಿ 100 ದಾಟಿದರೆ ದಾರಿ ಬೇರೆ: ಬಿ12 ಅಥವಾ ಫೋಲೇಟ್ ಕೊರತೆ, ಮದ್ಯಪಾನ, ಯಕೃತ್ತಿನ ತೊಂದರೆ, ಥೈರಾಯ್ಡ್ ಮಂದವಾಗಿರುವುದು. ಇನ್ನೊಂದು ಒಳಸುಳಿ: ಕಬ್ಬಿಣವೂ ಬಿ12ವೂ ಎರಡೂ ಕಡಿಮೆಯಿದ್ದರೆ ಚಿಕ್ಕ ಕಣ ದೊಡ್ಡ ಕಣ ಬೆರೆತು ಸರಾಸರಿ ಗಾತ್ರ 88 ಎಂದು ಸೊಗಸಾಗಿ ಕಾಣಬಹುದು. ಆಗ ಗುಟ್ಟು ಹೊರಗೆಡಹುವುದು ಏರಿದ ಆರ್‌ಡಿಡಬ್ಲ್ಯೂ.

ಹಂತ 5: ಬಿಳಿಕಣಗಳಲ್ಲಿ ಶೇಕಡಾ ಬಿಡಿ, ಸಂಖ್ಯೆ ನೋಡಿ

ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬಿಳಿಕಣಗಳು ಸುಮಾರು 4,000ದಿಂದ 11,000. ಅವುಗಳಲ್ಲಿ ಐದು ಬಗೆ. ನ್ಯೂಟ್ರೋಫಿಲ್‌ಗಳು ಬ್ಯಾಕ್ಟೀರಿಯಾಗಳನ್ನು ನುಂಗುವ ಮುಂಚೂಣಿ ಪಡೆ. ಗಾಯದ ಕೀವಿನಲ್ಲಿ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಲಿಂಫೋಸೈಟ್‌ಗಳಲ್ಲಿ ಬಿ ವರ್ಗದವು ಪ್ರತಿಕಾಯ ತಯಾರಿಸುವ ಕೋಶಗಳಾಗಿ ಮಾರ್ಪಡುತ್ತವೆ, ಟಿ ವರ್ಗದವು ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುತ್ತವೆ ಮತ್ತು ಇಡೀ ಹೋರಾಟವನ್ನು ನಿಯಂತ್ರಿಸುತ್ತವೆ. ಒಮ್ಮೆ ಬಂದ ರೋಗದ ನೆನಪನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದೂ ಇವೇ. ಲಸಿಕೆ ಕೆಲಸ ಮಾಡುವುದು ಈ ನೆನಪಿನ ಮೇಲೆ. ಮಾನೋಸೈಟ್‌ಗಳು ಅಂಗಾಂಶಕ್ಕೆ ಇಳಿದು ದೊಡ್ಡ ಭಕ್ಷಕ ಕೋಶಗಳಾಗುತ್ತವೆ. ಇಯೊಸಿನೋಫಿಲ್ ಹೆಚ್ಚಿದರೆ ಅಲರ್ಜಿ, ಜಂತುಹುಳು, ಕೆಲವು ಔಷಧಗಳ ಕಡೆ ಗಮನ ಹರಿಸಬೇಕು. ಬೇಸೋಫಿಲ್ ತೀರ ವಿರಳ.

ವರದಿಯಲ್ಲಿ ಇವುಗಳ ಶೇಕಡಾವಾರು ಮೊದಲು ಅಚ್ಚಾಗಿರುತ್ತದೆ, ಎಡವಟ್ಟಾಗುವುದೂ ಅಲ್ಲೇ. ಒಟ್ಟು ಬಿಳಿಕಣ 3,000, ಲಿಂಫೋಸೈಟ್ ಶೇ. 60, ನ್ಯೂಟ್ರೋಫಿಲ್ ಶೇ. 30 ಇದೆಯೆಂದಿಟ್ಟುಕೊಳ್ಳಿ. 60ರ ಪಕ್ಕ ಮೇಲ್ಮುಖ ಬಾಣ ಕಂಡು ಲಿಂಫೋಸೈಟ್ ಹೆಚ್ಚಾಗಿದೆ ಎಂದು ಓದಿಕೊಳ್ಳುತ್ತಾರೆ. ಗುಣಿಸಿ ನೋಡಿ: 3,000ದ ಶೇ. 60 ಎಂದರೆ 1,800. ಇದು 1,000-3,000ದ ಸಾಮಾನ್ಯ ಮಿತಿಯಲ್ಲಿಯೇ ಇದೆ. ನಿಜವಾಗಿ ಇಳಿದಿರುವುದು ನ್ಯೂಟ್ರೋಫಿಲ್: 900 ಮಾತ್ರ, ಇರಬೇಕಾದದ್ದು ಸುಮಾರು 2,000ಕ್ಕಿಂತ ಹೆಚ್ಚು. ಈಚಿನ ಯಂತ್ರಗಳು ಈ ನಿಜಸಂಖ್ಯೆಯನ್ನೂ ಕೆಳಗೆ ಅಚ್ಚು ಹಾಕುತ್ತವೆ. ಮೊದಲು ಆ ಸಾಲು ಓದಿ.

ಬಿಳಿಕಣ ಏರಿದ್ದೆಲ್ಲ ಸೋಂಕೆಂದು ತಿಳಿಯಬೇಡಿ. ಸ್ಟೀರಾಯ್ಡ್ ಮಾತ್ರೆ, ಬಿರುಸಿನ ವ್ಯಾಯಾಮ, ಗರ್ಭಧಾರಣೆ, ಧೂಮಪಾನ ಎಲ್ಲವೂ ಏರಿಸುತ್ತವೆ. ಸ್ಟೀರಾಯ್ಡ್ ಮತ್ತು ವ್ಯಾಯಾಮದಿಂದ ರಕ್ತನಾಳದ ಗೋಡೆಗೆ ಅಂಟಿಕೊಂಡು ನಿಂತಿದ್ದ ನ್ಯೂಟ್ರೋಫಿಲ್‌ಗಳು ಹರಿವಿಗೆ ಬರುತ್ತವೆ, ಎಣಿಕೆ ಏರುತ್ತದೆ. ಮತ್ತೊಂದೆಡೆ, ಟೈಫಾಯ್ಡ್‌ನಂಥ ಗಟ್ಟಿ ಸೋಂಕಿನಲ್ಲೂ ಬಿಳಿಕಣ ಇಳಿದಿರಬಹುದು.

ಹಂತ 6: ಪ್ಲೇಟ್‌ಲೆಟ್

ಪ್ಲೇಟ್‌ಲೆಟ್ ಪೂರ್ಣ ಜೀವಕೋಶವಲ್ಲ. ಅಸ್ಥಿಮಜ್ಜೆಯ ಮೆಗಾಕ್ಯಾರಿಯೊಸೈಟ್ ಎಂಬ ದೈತ್ಯ ಕೋಶದಿಂದ ಉದುರಿದ 2-3 ಮೈಕ್ರಾನ್ ಅಗಲದ ಚೂರು ಅದು, ಬಾಳಿಕೆ 7ರಿಂದ 10 ದಿನ. ಸಾಮಾನ್ಯ ಎಣಿಕೆ ಮೈಕ್ರೋಲೀಟರ್‌ಗೆ 1.5 ಲಕ್ಷದಿಂದ 4.5 ಲಕ್ಷ. ದೇಹದ ಪ್ಲೇಟ್‌ಲೆಟ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗುಲ್ಮದಲ್ಲಿ ತಂಗಿರುತ್ತದೆ. ಗುಲ್ಮ ಊದಿಕೊಂಡರೆ ಇನ್ನಷ್ಟು ಅಲ್ಲಿಯೇ ಉಳಿದು ಎಣಿಕೆ ಇಳಿಯುತ್ತದೆ.

ಬೆರಳು ಕೊಯ್ದುಕೊಂಡಾಗ ನಡೆಯುವುದು ಹೀಗೆ. ಮೊದಲು ರಕ್ತನಾಳ ಸಂಕುಚಿಸುತ್ತದೆ. ಗೋಡೆ ಹರಿದಲ್ಲಿ ಹೊರಬಿದ್ದ ಕೊಲಾಜೆನ್‌ಗೆ ಪ್ಲೇಟ್‌ಲೆಟ್‌ಗಳು ಅಂಟಿ, ಆಕಾರ ಬದಲಿಸಿ, ರಾಸಾಯನಿಕ ಕರೆ ಕಳಿಸಿ ಉಳಿದವನ್ನು ಸೇರಿಸಿಕೊಳ್ಳುತ್ತವೆ. ಇದು ತಾತ್ಕಾಲಿಕ ಬಿರಡೆ. ಅಷ್ಟರಲ್ಲಿ ಪ್ಲಾಸ್ಮಾದ ಹೆಪ್ಪುಗಟ್ಟಿಸುವ ಅಂಶಗಳು ಒಂದನ್ನೊಂದು ಎಬ್ಬಿಸುತ್ತ ಥ್ರಾಂಬಿನ್ ಹುಟ್ಟಿಸುತ್ತವೆ. ಥ್ರಾಂಬಿನ್, ಕರಗಿದ ಸ್ಥಿತಿಯಲ್ಲಿದ್ದ ಫೈಬ್ರಿನೋಜೆನ್ ಅನ್ನು ಫೈಬ್ರಿನ್ ಎಂಬ ಎಳೆಗಳಾಗಿಸುತ್ತದೆ. ಎಳೆಗಳ ಬಲೆಯಲ್ಲಿ ಕಣಗಳು ಸಿಕ್ಕಿಕೊಂಡು ಗಟ್ಟಿ ಹೆಪ್ಪಾಗುತ್ತದೆ. ಗಾಯ ಮಾಯುತ್ತಿದ್ದಂತೆ ಪ್ಲಾಸ್ಮಿನ್ ಬಂದು ಆ ಬಲೆಯನ್ನು ಕರಗಿಸುತ್ತದೆ.

ಎಣಿಕೆ ಅನಿರೀಕ್ಷಿತವಾಗಿ 40,000ಕ್ಕೆ ಕುಸಿದಿದೆ, ಆದರೆ ಮೈಮೇಲೆ ಒಂದು ಕೆಂಪು ಚುಕ್ಕೆಯೂ ಇಲ್ಲ ಎಂದರೆ ಮೊದಲು ಯಂತ್ರವನ್ನು ಅನುಮಾನಿಸಿ. ಕೆಲವರ ಪ್ಲೇಟ್‌ಲೆಟ್‌ಗಳು ಇಡಿಟಿಎ ತಗುಲಿದೊಡನೆ ಕೊಳವೆಯೊಳಗೆ ಗುಂಪುಗಟ್ಟುತ್ತವೆ. ಗುಂಪನ್ನು ಯಂತ್ರ ಪ್ಲೇಟ್‌ಲೆಟ್ ಎಂದು ಗುರುತಿಸಲಾರದು. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಇಲ್ಲವೇ ಸಿಟ್ರೇಟ್ ಇರುವ ತಿಳಿನೀಲಿ ಮುಚ್ಚಳದ ಕೊಳವೆಯಲ್ಲಿ ಮತ್ತೆ ತೆಗೆದರೆ ಸತ್ಯ ಹೊರಬೀಳುತ್ತದೆ.

ಡೆಂಗಿ ಜ್ವರದಲ್ಲಿ ಮನೆಯವರೆಲ್ಲ ಪ್ಲೇಟ್‌ಲೆಟ್ ಎಣಿಕೆಯನ್ನೇ ಜಪಿಸುತ್ತಾರೆ. ಅನುಭವಿ ವೈದ್ಯರು ಅದರ ಜೊತೆ ಪಿಸಿವಿಯನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಡೆಂಗಿಯ ನಿಜವಾದ ಅಪಾಯ ರಕ್ತನಾಳಗಳಿಂದ ಪ್ಲಾಸ್ಮಾ ಸೋರಿಹೋಗುವುದು. ದ್ರವ ಹೊರಹೋದಂತೆ ಕಣಗಳ ಪಾಲು ಏರುತ್ತದೆ. ಪಿಸಿವಿ 40ರಿಂದ 48ಕ್ಕೆ ಹೋದರೆ ಶೇ. 20ರಷ್ಟು ಏರಿತೆಂದು ಅರ್ಥ. ಅದು ಸೋರಿಕೆಯ ಸ್ಪಷ್ಟ ಗುರುತು. ಜ್ವರ ಬಿಟ್ಟಿತೆಂದು ನಿಟ್ಟುಸಿರು ಬಿಡುವ ಹೊತ್ತೇ ಇದು ನಡೆಯುವ ಹೊತ್ತು.

ಹಂತ 7: ಸಿಬಿಸಿ ಹೇಳದ ಅರ್ಧ ಭಾಗ

ಇಷ್ಟು ಹೊತ್ತು ನೋಡಿದ್ದೆಲ್ಲ ಕಣಗಳ ಕಥೆ. ರಕ್ತದ ಅರ್ಧಕ್ಕಿಂತ ಹೆಚ್ಚಿರುವ ಪ್ಲಾಸ್ಮಾದ ಬಗ್ಗೆ ಸಿಬಿಸಿ ತುಟಿ ಬಿಚ್ಚುವುದಿಲ್ಲ. ಪ್ಲಾಸ್ಮಾದಲ್ಲಿ ಶೇ. 90ಕ್ಕೂ ಹೆಚ್ಚು ನೀರು, ಶೇ. 7-8 ಪ್ರೋಟೀನು. ಅದರಲ್ಲಿ ಅಲ್ಬುಮಿನ್ ನೀರನ್ನು ರಕ್ತನಾಳದೊಳಗೆ ಹಿಡಿದಿಡುತ್ತದೆ. ಯಕೃತ್ತು ಅಥವಾ ಮೂತ್ರಪಿಂಡ ಕೆಟ್ಟು ಅದು ಕಡಿಮೆಯಾದರೆ ಕಾಲು ಊದುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಗ್ಲೋಬ್ಯುಲಿನ್‌ಗಳಲ್ಲಿ ಪ್ರತಿಕಾಯಗಳಿವೆ. ಗ್ಲೂಕೋಸ್, ಕೊಬ್ಬು, ಹಾರ್ಮೋನು, ಯೂರಿಯಾ ಎಲ್ಲವೂ ಇದರಲ್ಲೇ ಸಾಗುತ್ತವೆ. ಅಂಗಾಂಶಗಳ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ. 70 ಬೈಕಾರ್ಬೊನೇಟ್ ಆಗಿ ಮಾರ್ಪಟ್ಟು ಶ್ವಾಸಕೋಶ ತಲುಪುತ್ತದೆ. ರಕ್ತದ ಪಿಎಚ್ 7.35ರಿಂದ 7.45ರ ಕಿರಿದಾದ ಅಂತರದಲ್ಲಿ ನಿಂತಿರುವುದಕ್ಕೂ ಈ ಬೈಕಾರ್ಬೊನೇಟ್ ಬಹಳ ಮಟ್ಟಿಗೆ ಕಾರಣ.

ಇಎಸ್‌ಆರ್ ಎಂಬ ಸಾಲು ಪ್ಲಾಸ್ಮಾವನ್ನು ಪರೋಕ್ಷವಾಗಿ ತೋರಿಸುತ್ತದೆ. ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿದವು ಎಂಬ ಅಳತೆ ಅದು. ಉರಿಯೂತವಿದ್ದಾಗ ಫೈಬ್ರಿನೋಜೆನ್ ಹೆಚ್ಚಿ ಕಣಗಳು ಒಂದರ ಮೇಲೊಂದು ಅಂಟಿ ಬೇಗ ಇಳಿಯುತ್ತವೆ. ವಯಸ್ಸಾದಂತೆಯೂ, ರಕ್ತಹೀನತೆಯಲ್ಲೂ ಅದು ಏರುವುದರಿಂದ ಇಎಸ್‌ಆರ್ ಒಂದನ್ನೇ ನಂಬಿ ಯಾವ ತೀರ್ಮಾನಕ್ಕೂ ಬರಲಾಗದು.

ಹಂತ 8: ರಕ್ತದ ಗುಂಪಿನ ಸಾಲು

ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಪ್ರಕಟಿಸಿದ ಗುಂಪುಗಳ ಆಧಾರ ಸರಳ. ಎ ಗುಂಪಿನವರ ಕೆಂಪುಕಣದ ಮೇಲೆ ಎ ಪ್ರತಿಜನಕ (ಪ್ರತಿಕಾಯಗಳು ಗುರುತಿಸುವ ಗುರುತು), ಪ್ಲಾಸ್ಮಾದಲ್ಲಿ ಬಿ ವಿರುದ್ಧದ ಪ್ರತಿಕಾಯ. ಬಿ ಗುಂಪಿನವರಲ್ಲಿ ಇದರ ತಿರುವುಮುರುವು. ಎಬಿಯವರಿಗೆ ಎರಡೂ ಪ್ರತಿಜನಕ, ಪ್ರತಿಕಾಯ ಯಾವುದೂ ಇಲ್ಲ. ಒ ಗುಂಪಿನವರ ಕಣಗಳಲ್ಲಿ ಎರಡೂ ಪ್ರತಿಜನಕವಿಲ್ಲ, ಪ್ಲಾಸ್ಮಾದಲ್ಲಿ ಎರಡೂ ಪ್ರತಿಕಾಯಗಳಿವೆ. ಆದ್ದರಿಂದ ಒ ನೆಗೆಟಿವ್ ಸಾರ್ವತ್ರಿಕ ದಾನಿ ಎಂಬ ಮಾತು ಕೆಂಪುಕಣಗಳಿಗೆ ಮಾತ್ರ ಸಲ್ಲುತ್ತದೆ. ಪ್ಲಾಸ್ಮಾ ಕೊಡುವಾಗ ಆ ಸ್ಥಾನ ಎಬಿಯವರದು.

ಒಳ್ಳೆಯ ಪ್ರಯೋಗಾಲಯ ಕಣಗಳನ್ನೂ ಪ್ಲಾಸ್ಮಾವನ್ನೂ ಎರಡನ್ನೂ ಪರೀಕ್ಷಿಸುತ್ತದೆ. 1952ರಲ್ಲಿ ಮುಂಬಯಿಯಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ಗುಂಪನ್ನು ನೋಡಿದರೆ ಇದರ ಅಗತ್ಯ ತಿಳಿಯುತ್ತದೆ. ಕಣಗಳನ್ನಷ್ಟೇ ಪರೀಕ್ಷಿಸಿದರೆ ಅದು ಒ ಗುಂಪಿನಂತೆಯೇ ಕಾಣುತ್ತದೆ. ಆದರೆ ಒ ಗುಂಪಿನ ಕಣಗಳ ಮೇಲೂ ಇರುವ ಎಚ್ ಎಂಬ ಮೂಲ ಪ್ರತಿಜನಕ ಇವರಲ್ಲಿಲ್ಲ, ಬದಲಿಗೆ ಅದರ ವಿರುದ್ಧದ ಪ್ರತಿಕಾಯವಿದೆ. ಒ ರಕ್ತ ಕೊಟ್ಟರೂ ಪ್ರಾಣಾಪಾಯ. ಇನ್ನು ಆರ್‌ಎಚ್ ನೆಗೆಟಿವ್ ಗರ್ಭಿಣಿಯರು ತಮ್ಮ ಗುಂಪನ್ನು ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸಬೇಕು. ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು (ಮಗುವಿನ ಕಣಗಳ ವಿರುದ್ಧ ತಾಯಿಯಲ್ಲಿ ಪ್ರತಿಕಾಯ ಹುಟ್ಟದಂತೆ ತಡೆಯುವ ಮದ್ದು) ಬೀಳಬೇಕು. ಸಾಮಾನ್ಯವಾಗಿ 28ನೇ ವಾರದಲ್ಲೂ ಒಂದು ಕೊಡುತ್ತಾರೆ.

ಹಂತ 9: ವೈದ್ಯರ ಬಳಿ ಹೋಗುವಾಗ

ಹಳೆಯ ವರದಿಗಳಿದ್ದರೆ ತಪ್ಪದೆ ಒಯ್ಯಿರಿ. ಈ ವರ್ಷ 12.8 ಇರುವ ಹಿಮೋಗ್ಲೋಬಿನ್ ಹೋದ ವರ್ಷ 15.5 ಇತ್ತೆಂದರೆ ಅದು ಗಂಭೀರ ಸಂಗತಿ. ಹತ್ತು ವರ್ಷದಿಂದಲೂ 12.8ರ ಸುತ್ತಲೇ ಇದ್ದರೆ ಅಷ್ಟು ತುರ್ತಿಲ್ಲ. ನುಂಗುತ್ತಿರುವ ಮಾತ್ರೆಗಳ ಹೆಸರು, ಇತ್ತೀಚಿನ ಜ್ವರ, ಮುಟ್ಟಿನ ಪ್ರಮಾಣ, ಮಲದ ಬಣ್ಣ ಇವನ್ನು ಸಂಕೋಚವಿಲ್ಲದೆ ಹೇಳಿ. ಕಪ್ಪಗೆ ಡಾಂಬರಿನಂತಿರುವ ಮಲ ಜಠರದ ರಕ್ತಸ್ರಾವದ ಗುರುತಾಗಿರಬಹುದು, ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಇವೆರಡನ್ನು ಬೇರ್ಪಡಿಸಲು ವೈದ್ಯರಿಗೆ ನಿಮ್ಮ ಮಾತೇ ಬೇಕು.

ಕೆಲವು ಸಂದರ್ಭದಲ್ಲಿ ಮಾತ್ರ ಭೇಟಿಯ ದಿನಾಂಕಕ್ಕೆ ಕಾಯಬಾರದು. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ, ಅಥವಾ ಎಷ್ಟೇ ಇದ್ದರೂ ಏದುಸಿರು, ಎದೆನೋವು, ತಲೆಸುತ್ತು ಜೊತೆಗಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಪ್ಲೇಟ್‌ಲೆಟ್ 20,000ಕ್ಕಿಂತ ಕಡಿಮೆಯಿದ್ದಾಗ, ಅಥವಾ ಎಣಿಕೆ ಇಳಿದು ಮೂಗು, ವಸಡು, ಮೂತ್ರದಲ್ಲಿ ರಕ್ತ ಕಂಡಾಗಲೂ ಅಷ್ಟೇ. ನ್ಯೂಟ್ರೋಫಿಲ್ ನಿಜಸಂಖ್ಯೆ 500ಕ್ಕಿಂತ ಕೆಳಗಿದ್ದು ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಡುರಾತ್ರಿಯಾದರೂ ಹೊರಡಬೇಕು, ಏಕೆಂದರೆ ಹೋರಾಡುವ ಕಣಗಳೇ ಇಲ್ಲದ ದೇಹದಲ್ಲಿ ಸೋಂಕು ಗಂಟೆಗಳಲ್ಲಿ ಹಬ್ಬುತ್ತದೆ. ಷರಾದಲ್ಲಿ ಬ್ಲಾಸ್ಟ್ ಕಣಗಳು (ಅಸ್ಥಿಮಜ್ಜೆಯ ಬಲಿಯದ ಎಳೆ ಕಣಗಳು) ಕಂಡಿವೆ ಎಂದು ಬರೆದಿದ್ದರೆ, ಉಳಿದ ಎಲ್ಲ ಅಂಕಿಗಳೂ ಸರಿಯಿದ್ದರೂ, ಅದೇ ದಿನ ರಕ್ತರೋಗ ತಜ್ಞರನ್ನು ಕಾಣಬೇಕು.